ಟರ್ಕಿ ಊಟಕ್ಕೆ ಯಾವ ವೈನ್? ಜೊಲ್ಲನ್ನು ಕೇಳಿ

ನವೆಂಬರ್ ಮೂರನೇ ವಾರ ಬಂತೆಂದರೆ ಅಮೆರಿಕದ ವೈನ್ ಅಂಗಡಿಗಳಲ್ಲಿ ಒಂದೇ ಪ್ರಶ್ನೆ: ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಏನು ತಗೊಳ್ಳಲಿ? ಅಲ್ಲಿರುವ ನಮ್ಮ ಕನ್ನಡದವರೂ ಇದನ್ನೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳುತ್ತಾರೆ. ಉತ್ತರವಾಗಿ ಬರುವುದು ಬ್ರ್ಯಾಂಡಿನ ಹೆಸರು, ಬೆಲೆ, ಯಾರೋ ಕೊಟ್ಟ 92 ಅಂಕ, 94 ಅಂಕ. ಬಾಯೊಳಗೆ ಏನಾಗುತ್ತದೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಇಡೀ ವಿಷಯದಲ್ಲಿ ಸ್ವಾರಸ್ಯ ಇರುವುದೇ ಅಲ್ಲಿ.

ಮೊದಲು ಆ ಊಟ ನೋಡಿ. ಟರ್ಕಿ ಕೋಳಿಯ ಎದೆಮಾಂಸ. ತೊಗಲು ತೆಗೆದರೆ 100 ಗ್ರಾಂನಲ್ಲಿ ಕೊಬ್ಬು ಸುಮಾರು 2 ಗ್ರಾಂ ಅಷ್ಟೇ. ಓವನ್‌ನಲ್ಲಿ ಸ್ವಲ್ಪ ಹೊತ್ತು ಜಾಸ್ತಿ ಇದ್ದರೆ ನಾರುನಾರಾಗುತ್ತದೆ. ಪಕ್ಕದಲ್ಲಿ ಹುಳಿ, ಸಿಹಿ, ಒಗರು ಮೂರೂ ಸೇರಿದ ಕ್ರ್ಯಾನ್‌ಬೆರಿ ಸಾಸ್. ಬೆಣ್ಣೆ ಹಾಕಿ ಮಸೆದ ಆಲೂಗಡ್ಡೆ, ಗ್ರೇವಿ, ಬ್ರೆಡ್ಡಿನ ಸ್ಟಫಿಂಗ್, ಮೇಲೆ ಮಾರ್ಷ್‌ಮೆಲೋ ಹರಡಿ ಬೇಯಿಸಿದ ಸಿಹಿಗೆಣಸು. ಫ್ರೆಂಚರಂತೆ ಒಂದಾದ ಮೇಲೊಂದು ಬರುವುದಿಲ್ಲ. ನಮ್ಮ ಬಾಳೆಲೆ ಊಟದ ಹಾಗೆ ಎಲ್ಲವೂ ಒಟ್ಟಿಗೆ ಬರುತ್ತವೆ, ಒಂದರ ರಸ ಇನ್ನೊಂದಕ್ಕೆ ಹರಿಯುತ್ತದೆ. ಹಾಗಾಗಿ ‘ಈ ಪದಾರ್ಥಕ್ಕೆ ಈ ವೈನ್’ ಅನ್ನುವ ಪಟ್ಟಿಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಅಂಥ ಊಟಕ್ಕೆ ಕರೆಸಿಕೊಂಡವರು ಸಾಮಾನ್ಯವಾಗಿ ಏನು ತರುತ್ತಾರೆ? ಗೌರವಕ್ಕೆ ಅಂತ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ದುಬಾರಿ ಕ್ಯಾಬರ್ನೆ ಸಾವಿನ್ಯೋಂ. ಕಪ್ಪುಗೆಂಪು, ದಪ್ಪ, ಗಟ್ಟಿ ವೈನ್. ಒಂದು ತುಂಡು ಟರ್ಕಿ, ಒಂದು ಗುಟುಕು ಕ್ಯಾಬರ್ನೆ. ಬಾಯಿ ಒಣಗುತ್ತದೆ. ಇನ್ನೊಂದು ತುಂಡು, ಇನ್ನೊಂದು ಗುಟುಕು. ನಾಲಿಗೆ ಒರಟಾಗುತ್ತದೆ, ಕೆನ್ನೆಯ ಒಳಭಾಗ ಹಲ್ಲಿಗೆ ಅಂಟಿದಂತಾಗುತ್ತದೆ. ಕೆಲವರು ಅಡುಗೆಯನ್ನು ಬೈಯುತ್ತಾರೆ, ಕೆಲವರು ವೈನ್ ಅಂಗಡಿಯನ್ನು. ತಪ್ಪು ಇಬ್ಬರದ್ದೂ ಅಲ್ಲ. ಕಥೆ ಇರುವುದು ಜೊಲ್ಲಿನಲ್ಲಿ.

ಶಾಲೆಯಲ್ಲಿ ನಾಲಿಗೆಯ ಚಿತ್ರ ಬರೆದಿರುತ್ತೀರಿ. ತುದಿಯಲ್ಲಿ ಸಿಹಿ, ಪಕ್ಕದಲ್ಲಿ ಉಪ್ಪು ಮತ್ತು ಹುಳಿ, ಹಿಂದೆ ಕಹಿ. ದಯವಿಟ್ಟು ಅದನ್ನು ಮರೆತುಬಿಡಿ. 1901ರಲ್ಲಿ ಜರ್ಮನಿಯ ಹೆನಿಗ್ ಎಂಬಾತ ನಾಲಿಗೆಯ ಅಂಚಿನ ಬೇರೆಬೇರೆ ಜಾಗಗಳಲ್ಲಿ ಸಣ್ಣಸಣ್ಣ ವ್ಯತ್ಯಾಸ ಅಳೆದಿದ್ದ. 1942ರಲ್ಲಿ ಅಮೆರಿಕದ ಎಡ್ವಿನ್ ಬೋರಿಂಗ್ ಆ ಅಳತೆಗಳನ್ನು ಗ್ರಾಫ್ ಮಾಡಿದ ರೀತಿಯಿಂದ ಆ ಸಣ್ಣ ವ್ಯತ್ಯಾಸಗಳೇ ದೊಡ್ಡ ಗಡಿಗಳಂತೆ ಕಂಡವು. 1974ರಲ್ಲಿ ವರ್ಜೀನಿಯಾ ಕಾಲಿಂಗ್ಸ್ ಮತ್ತೆ ಅಳೆದು, ವ್ಯತ್ಯಾಸ ಇದೆ, ಆದರೆ ತೀರಾ ಸಣ್ಣದು ಅಂತ ತೋರಿಸಿದರು. ಆದರೂ ಆ ನಕ್ಷೆ ಸಾಯುತ್ತಿಲ್ಲ. ‘ಈ ಗ್ಲಾಸು ವೈನನ್ನು ನಾಲಿಗೆಯ ಸರಿಯಾದ ಜಾಗಕ್ಕೆ ತಲುಪಿಸುತ್ತದೆ’ ಅಂತ ಇವತ್ತಿಗೂ ಗ್ಲಾಸು ಮಾರುತ್ತಾರೆ!

ಈಗ ಬಾಯಿ ಒಣಗಿಸಿದ ಆ ಒಗರಿಗೆ ಬರೋಣ. ಒಗರು ಸಿಹಿ-ಹುಳಿಗಳ ಸಾಲಿನ ರುಚಿಯಲ್ಲ. ಬಹುಪಾಲು ಅದು ಸ್ಪರ್ಶ. 1993ರಲ್ಲಿ ಪಾಲ್ ಬ್ರೆಸ್ಲಿನ್ ಮತ್ತು ಜೊತೆಗಾರರು ಒಗರು ಪದಾರ್ಥವನ್ನು ಮೇಲ್ದುಟಿಗೂ ವಸಡಿಗೂ ನಡುವೆ ಹಚ್ಚಿ ನೋಡಿದರು. ಅಲ್ಲಿ ರುಚಿಮೊಗ್ಗುಗಳಿಲ್ಲ. ಆದರೂ ಜನ ಒಗರು ಅಂದರು. ಕಾಯಿ ನೇರಳೆ ತಿಂದವರಿಗೆ ಇದು ಹೊಸದೇನಲ್ಲ. ತುಟಿಯ ಒಳಗೂ ಬಿಗಿಯುತ್ತದೆ, ಅಲ್ವಾ?

ನಮ್ಮ ಜೊಲ್ಲು ಬರೀ ನೀರಲ್ಲ. ಕಿವಿಯ ಕೆಳಗೆ, ಕೆನ್ನೆಯ ಹಿಂಬದಿಯಲ್ಲಿ ಪರೋಟಿಡ್ ಎಂಬ ಗ್ರಂಥಿ ಇದೆ. ಅದು ಸುರಿಸುವ ಜೊಲ್ಲಿನ ಪ್ರೋಟೀನಿನಲ್ಲಿ ಸುಮಾರು 70% ಒಂದೇ ಕುಟುಂಬದ್ದು. ಪ್ರೊಲೀನ್ ಎಂಬ ಅಮೈನೋ ಆಮ್ಲ ತುಂಬಿ ತುಳುಕುವ ಪ್ರೋಟೀನುಗಳವು. ಪ್ರೊಲೀನಿಗೆ ಒಂದು ವಿಚಿತ್ರ ಗುಣ. ಅದರ ಸರಪಳಿ ತನ್ನ ಮೇಲೇ ತಿರುಗಿ ಉಂಗುರವಾಗಿದೆ. ಅದರಿಂದ ಪ್ರೋಟೀನಿನ ದಾರ ಸಲೀಸಾಗಿ ಮಡಿಚಿಕೊಳ್ಳಲಾರದು. ಬೇರೆ ಪ್ರೋಟೀನುಗಳು ಉಂಡೆಯಾಗಿ ತಮ್ಮ ಒಳಭಾಗವನ್ನು ಮುಚ್ಚಿಟ್ಟುಕೊಂಡರೆ, ಇವು ಉದ್ದಕ್ಕೆ ಬಿಚ್ಚಿಕೊಂಡೇ ಇರುತ್ತವೆ. ಹಿಡಿದುಕೊಳ್ಳಲು ಎಲ್ಲೆಲ್ಲೂ ಜಾಗ.

ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟಿನಲ್ಲಿ ಟ್ಯಾನಿನ್ ಎಂಬ ಒಗರು ವಸ್ತು ಇದೆ. ಅದರ ಅಣುವಿನಲ್ಲೂ ಚಪ್ಪಟೆ ಉಂಗುರಗಳು, ಅವುಗಳ ಸುತ್ತ ಹೈಡ್ರಾಕ್ಸಿಲ್ ಗುಂಪುಗಳು, ಅಂದರೆ ಆಮ್ಲಜನಕ-ಜಲಜನಕದ ಜೋಡಿಗಳು. ಟ್ಯಾನಿನ್ನಿನ ಉಂಗುರ ಪ್ರೊಲೀನಿನ ಉಂಗುರದ ಮೇಲೆ ಹೋಗಿ ಕೂರುತ್ತದೆ. ಪಕ್ಕದ ಹೈಡ್ರಾಕ್ಸಿಲ್‌ಗಳು ಹೈಡ್ರೋಜನ್ ಬಂಧದಿಂದ ಅದನ್ನು ಬಿಗಿಯುತ್ತವೆ. ಒಂದು ಟ್ಯಾನಿನ್‌ಗೆ ಇಂಥ ಹಲವು ಕೈಗಳಿರುವುದರಿಂದ, ಒಂದು ಕೈ ಈ ಪ್ರೋಟೀನನ್ನು, ಇನ್ನೊಂದು ಕೈ ಪಕ್ಕದ ಪ್ರೋಟೀನನ್ನು ಹಿಡಿಯುತ್ತದೆ. ಎರಡು ನಾಲ್ಕಾಗಿ, ನಾಲ್ಕು ನೂರಾಗಿ ಗಂಟು ಕಟ್ಟುತ್ತದೆ. ಕೊನೆಗೆ ಆ ಗಂಟು ಜೊಲ್ಲಿನಲ್ಲಿ ಕರಗಿ ನಿಲ್ಲಲಾರದೆ ಬೇರೆಯಾಗುತ್ತದೆ. ನಾಲಿಗೆಗೂ ಅಂಗುಳಕ್ಕೂ ನಡುವೆ ಇದ್ದ ಜಾರುವ ಪದರ ಹರಿದುಹೋಗುತ್ತದೆ. ತೊಗಲಿಗೆ ತೊಗಲು ಉಜ್ಜುತ್ತದೆ. ಆ ಉಜ್ಜಾಟವೇ ಒಗರು.

ನಂಬಿಕೆ ಬರದಿದ್ದರೆ ನೋಡಬಹುದು. ಗಟ್ಟಿ ಕೆಂಪು ವೈನಿನ ಒಂದು ಗುಟುಕನ್ನು ಬಾಯಲ್ಲಿ ಹತ್ತು ಸೆಕೆಂಡು ಆಡಿಸಿ ಬಿಳಿ ಬಟ್ಟಲಿಗೆ ಉಗುಳಿ. ನೇರಳೆ ಬಣ್ಣದ ಎಳೆಎಳೆ ಗಸಿ ಕಾಣುತ್ತದೆ. ಅದು ನಿಮ್ಮದೇ ಜೊಲ್ಲಿನ ಪ್ರೋಟೀನು, ಟ್ಯಾನಿನ್ ಹಿಡಿದದ್ದು. ನೋಡಲು ಅಸಹ್ಯ, ನಿಜ. ಆದರೆ ಒಮ್ಮೆ ನೋಡಿದರೆ ಮತ್ತೆಂದೂ ಒಗರನ್ನು ಬರೀ ರುಚಿ ಅನ್ನುವುದಿಲ್ಲ. ವೈನ್ ಬೇಡದವರು ಹಾಲಿಲ್ಲದ ಕಡುಚಹಾಕ್ಕೆ ಒಂದು ಚಮಚ ಮೊಟ್ಟೆಯ ಬಿಳಿಭಾಗ ಹಾಕಿದರೂ ಆಯಿತು, ನೋಡನೋಡುತ್ತ ಕದಡುತ್ತದೆ.

ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರಿನಲ್ಲೂ ಇದೇ ಟ್ಯಾನಿನ್. ಬಟ್ಟೆಗೆ ತಗಲಿದರೆ ಕಲೆ ಹೋಗುವುದಿಲ್ಲ. ಆ ಗುಣವನ್ನೇ ಬಳಸಿಕೊಂಡು ಅದರಿಂದ ಬಟ್ಟೆಗೆ ಬಣ್ಣ ಹಾಕುವವರೂ ಇದ್ದಾರೆ. ತಂಗಡಿ ತೊಗಟೆಯಿಂದ ಚರ್ಮ ಹದ ಮಾಡುವುದೂ ಇದೇ ರಸಾಯನ. ಅಲ್ಲಿ ಟ್ಯಾನಿನ್ ಹಿಡಿಯುವುದು ಸತ್ತ ಚರ್ಮದ ಪ್ರೋಟೀನನ್ನು, ಇಲ್ಲಿ ನಿಮ್ಮ ಬಾಯಿಯದ್ದನ್ನು.

ಜೊಲ್ಲಿನಲ್ಲಿ ಈ ಪ್ರೋಟೀನು ಯಾಕಿದೆ ಅನ್ನುವುದು ಇನ್ನೂ ಚೆನ್ನಾಗಿದೆ. ಗಿಡಗಳು ತಮ್ಮನ್ನು ತಿನ್ನದಿರಲಿ ಅಂತ ಟ್ಯಾನಿನ್ ತುಂಬಿಕೊಳ್ಳುತ್ತವೆ. ಟ್ಯಾನಿನ್ ಹೊಟ್ಟೆಗೆ ಹೋದರೆ ಆಹಾರದ ಪ್ರೋಟೀನನ್ನು ಹಿಡಿದು ಜೀರ್ಣವಾಗದಂತೆ ಮಾಡುತ್ತದೆ. ಅದನ್ನು ಬಾಯಲ್ಲೇ ತಡೆದು ಕಟ್ಟಿಹಾಕಲು ಸೊಪ್ಪು-ಚಿಗುರು ಮೇಯುವ ಜಿಂಕೆಗಳ ಜೊಲ್ಲಿನಲ್ಲಿ ಇಂಥ ಪ್ರೋಟೀನು ಇದೆ. ಹುಲ್ಲು ಮೇಯುವ ಹಸು, ಕುರಿಗಳಲ್ಲಿ ಇಲ್ಲ. ಹುಲ್ಲಿನಲ್ಲಿ ಟ್ಯಾನಿನ್ ಕಡಿಮೆ, ಅವಕ್ಕೆ ಬೇಕಾಗಿಲ್ಲ. 1980ರ ದಶಕದಲ್ಲಿ ಇಲಿಗಳಿಗೆ ಒಗರು ಜೋಳ ತಿನ್ನಿಸಿ ನೋಡಿದರು. ಹಕ್ಕಿಗಳು ಮುಟ್ಟಲು ಹಿಂಜರಿಯುವ ತಳಿ ಅದು. ಕೆಲವೇ ದಿನಗಳಲ್ಲಿ ಇಲಿಗಳ ಜೊಲ್ಲಿನಲ್ಲಿ ಈ ಪ್ರೋಟೀನು ಹಲವು ಪಟ್ಟು ಹೆಚ್ಚಿತು. ಅಂದರೆ ನಾವು ದುಡ್ಡು ಕೊಟ್ಟು ಆನಂದಿಸುವ ಈ ಒಗರು ಮೂಲತಃ ಗಿಡವೊಂದು ‘ದೂರ ಇರು’ ಅಂತ ಹೇಳುವ ಮಾತು!

ಮತ್ತೆ ಮೇಜಿಗೆ ಬನ್ನಿ. ಒಗರು ಗುಟುಕಿನಿಂದ ಗುಟುಕಿಗೆ ಏರುತ್ತದೆ, ಹೊಸ ಜೊಲ್ಲು ಬಂದು ಬಾಯಿ ಸರಿಹೋಗಲು ಕೆಲವು ನಿಮಿಷ ಬೇಕು. 2012ರಲ್ಲಿ ಬ್ರೆಸ್ಲಿನ್ ಅವರ ತಂಡವೇ ಇನ್ನೊಂದು ಸಂಗತಿ ತೋರಿಸಿತು. ಒಗರು ಚಹಾ ಗುಟುಕಿಸುವ ನಡುವೆ ಕೊಬ್ಬಿನ ಮಾಂಸ ತಿಂದರೆ ಒಗರೂ ಇಳಿಯುತ್ತದೆ, ಜಿಡ್ಡೂ ಇಳಿಯುತ್ತದೆ. ಒಂದು ಬಾಯನ್ನು ಒಣಗಿಸುತ್ತದೆ, ಇನ್ನೊಂದು ಜಾರಿಸುತ್ತದೆ. ಎರಡೂ ಒಂದನ್ನೊಂದು ತೂಗುತ್ತವೆ. ಕೊಬ್ಬು ತುಂಬಿದ ಗೋಮಾಂಸದ ಸ್ಟೇಕ್ ಜೊತೆ ಕ್ಯಾಬರ್ನೆ ಸೊಗಸಾಗಿರುವುದು ಇದಕ್ಕೇ. ಟರ್ಕಿಯ ಎದೆಮಾಂಸದಲ್ಲಿ ಆ ಜಿಡ್ಡಿಲ್ಲ. ಅದರ ಮೇಲೆ ಕ್ರ್ಯಾನ್‌ಬೆರಿ. ಅದರಲ್ಲಿ ಸ್ವಂತದ ಟ್ಯಾನಿನ್ ಇದೆ, ಹುಳಿಯೂ ಇದೆ, ಹುಳಿ ಒಗರನ್ನು ಇನ್ನಷ್ಟು ಏರಿಸುತ್ತದೆ. ಸಾಸಿಗೆ ಹಾಕಿದ ಸಕ್ಕರೆಯದ್ದು ಬೇರೆ ಕಾಟ. ಸಿಹಿ ತಿಂದ ನಾಲಿಗೆಗೆ ಸಿಹಿಯಿಲ್ಲದ ವೈನ್ ಇನ್ನೂ ಹುಳಿಯಾಗಿ, ತೆಳ್ಳಗೆ ಕಾಣುತ್ತದೆ.

ಹಾಗಾಗಿ ಬೇಕಾದದ್ದು ಟ್ಯಾನಿನ್ ಕಡಿಮೆ, ಹುಳಿ ಚುರುಕು, ಹಣ್ಣಿನ ಘಮ ಜಾಸ್ತಿ ಇರುವ ವೈನ್. ಆಲ್ಕೊಹಾಲ್ ಮಿತವಾಗಿರಲಿ, ಏಕೆಂದರೆ ಈ ಊಟ ಮಧ್ಯಾಹ್ನ ಶುರುವಾಗಿ ಸಂಜೆಯವರೆಗೂ ನಡೆಯುತ್ತದೆ.

ಇಲ್ಲಿ ಕ್ಯಾಲೆಂಡರ್ ಒಂದು ಉಪಕಾರ ಮಾಡಿದೆ. 1863ರಲ್ಲಿ ಅಬ್ರಹಾಂ ಲಿಂಕನ್ ಥ್ಯಾಂಕ್ಸ್‌ಗಿವಿಂಗನ್ನು ನವೆಂಬರ್ ಕೊನೆಯ ಗುರುವಾರಕ್ಕೆ ಇಟ್ಟರು. 1939ರಲ್ಲಿ ರೂಸ್‌ವೆಲ್ಟ್ ಅದನ್ನು ಒಂದು ವಾರ ಹಿಂದಕ್ಕೆ ತಂದು ದೊಡ್ಡ ಜಗಳವಾಯಿತು. ಕೊನೆಗೆ 1941ರಲ್ಲಿ ಅಮೆರಿಕದ ಸಂಸತ್ತು ನಾಲ್ಕನೇ ಗುರುವಾರ ಅಂತ ಗಟ್ಟಿ ಮಾಡಿತು. ಅತ್ತ ಫ್ರಾನ್ಸಿನಲ್ಲಿ ಆ ವರ್ಷದ ಹೊಸ ದ್ರಾಕ್ಷಿಯ ಬೊಜೊಲೆ ನುವೊ ವೈನ್ 1985ರಿಂದ ನವೆಂಬರ್ ಮೂರನೇ ಗುರುವಾರ ಬಿಡುಗಡೆಯಾಗುತ್ತದೆ. ಸರಿಯಾಗಿ ಒಂದು ವಾರ ಮುಂಚೆ. ಅದರ ದ್ರಾಕ್ಷಿ ಗಮೇ. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ಈ ತಳಿಯನ್ನು ಕಿತ್ತುಹಾಕಿ ಅಂತ ಆಜ್ಞೆ ಹೊರಡಿಸಿದ್ದ. ಪುಣ್ಯಕ್ಕೆ ದಕ್ಷಿಣದ ಬೊಜೊಲೆಯಲ್ಲಿ ಅದು ಉಳಿದುಕೊಂಡಿತು.

ಬೊಜೊಲೆ ನುವೊ ಮಾಡುವ ಬಗೆಯೇ ಬೇರೆ. ದ್ರಾಕ್ಷಿಯನ್ನು ತುಳಿಯುವುದಿಲ್ಲ, ಅರೆಯುವುದಿಲ್ಲ. ಗೊಂಚಲು ಗೊಂಚಲಾಗಿಯೇ ಇಂಗಾಲದ ಡೈಆಕ್ಸೈಡ್ ತುಂಬಿದ ತೊಟ್ಟಿಯಲ್ಲಿಡುತ್ತಾರೆ. ಆಮ್ಲಜನಕ ಸಿಗದ ಹಣ್ಣಿನ ಜೀವಕೋಶಗಳು ತಮ್ಮ ಕಿಣ್ವಗಳಿಂದಲೇ ಒಳಗೊಳಗೇ ಸಕ್ಕರೆಯನ್ನು ಮದ್ಯ ಮಾಡತೊಡಗುತ್ತವೆ, ಸುಮಾರು 2% ಆಗುವವರೆಗೆ. ಬಣ್ಣ ಒಳಗೆ ಇಳಿಯುತ್ತದೆ, ಟ್ಯಾನಿನ್ ಅಷ್ಟಾಗಿ ಇಳಿಯುವುದಿಲ್ಲ. ಆಮೇಲೆ ಹಣ್ಣು ಒಡೆದು ಯೀಸ್ಟ್ ಉಳಿದ ಕೆಲಸ ಮುಗಿಸುತ್ತದೆ. ಗ್ಲಾಸಿಗೆ ಮೂಗಿಟ್ಟರೆ ಪಚ್ಚಬಾಳೆಯ ವಾಸನೆ. ಸುಮ್ನೆ ಹೊಗಳಿಕೆಗೆ ಹೇಳುವುದಲ್ಲ. ಬಾಳೆಹಣ್ಣಿನ ಘಮಕ್ಕೆ ಕಾರಣವಾದ ಐಸೊಅಮೈಲ್ ಅಸಿಟೇಟ್ ನಿಜಕ್ಕೂ ಅದರಲ್ಲಿದೆ. ಜೇನುಹುಳ ಕುಟುಕಿದಾಗ ಬಿಡುವ ಎಚ್ಚರಿಕೆಯ ವಾಸನೆಯಲ್ಲೂ ಅದೇ ಅಣು. ವೈನ್ ಪಂಡಿತರು ನುವೊವನ್ನು ಕೀಳಾಗಿ ನೋಡುತ್ತಾರೆ. ನೋಡಲಿ ಬಿಡಿ. ಟರ್ಕಿಯ ಪಕ್ಕದಲ್ಲಿ ಅದು ಅವರ ಕ್ಯಾಬರ್ನೆಗಿಂತ ಚೆನ್ನಾಗಿ ನಡೆದುಕೊಳ್ಳುತ್ತದೆ. ಸ್ವಲ್ಪ ಗಂಭೀರವಾದದ್ದು ಬೇಕಿದ್ದರೆ ಅದೇ ಗಮೇಯ ಮೊರ್ಗಾನ್ ಅಥವಾ ಫ್ಲೂರಿ. ಇಲ್ಲವೇ ತೆಳು ಸಿಪ್ಪೆಯ ಪಿನೊ ನ್ವಾರ್.

‘ಅಮೆರಿಕದ ಹಬ್ಬಕ್ಕೆ ಅಮೆರಿಕದ್ದೇ ವೈನ್’ ಅನ್ನುವವರು ಜಿನ್‌ಫಂಡೆಲ್ ಎಂಬ ಕೆಂಪು ವೈನ್ ಹಿಡಿದು ಬರುತ್ತಾರೆ. ಅದರ ಜಾತಕ ಕೇಳಿ. 1976 ಅಮೆರಿಕದ ಸ್ವಾತಂತ್ರ್ಯದ 200ನೇ ವರ್ಷ. ಆ ನೆಪದಲ್ಲಿ ಪ್ಯಾರಿಸ್ಸಿನಲ್ಲಿದ್ದ ಇಂಗ್ಲಿಷ್ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಮೇ 24ರಂದು ಒಂದು ರುಚಿ ಪರೀಕ್ಷೆ ಇಟ್ಟರು. ಫ್ರೆಂಚ್ ತೀರ್ಪುಗಾರರು, ಲೇಬಲ್ ಕಾಣದ ಬಾಟಲಿಗಳು. ಬಿಳಿ, ಕೆಂಪು ಎರಡರಲ್ಲೂ ಕ್ಯಾಲಿಫೋರ್ನಿಯಾ ಮೊದಲು ಬಂತು. ಗೆದ್ದ ಬಿಳಿ ವೈನ್ ಶಾಟೊ ಮಾಂಟೆಲೀನಾದ 1973ರ ಶಾರ್ಡನೆ. ಅದನ್ನು ಮಾಡಿದವರು ಕ್ರೊಯೇಷಿಯಾದಿಂದ ಬಂದ ಮೈಕ್ ಗರ್ಗಿಚ್. ಜಿನ್‌ಫಂಡೆಲ್ ಗಿಡ ನೋಡಿದಾಗೆಲ್ಲ ಇದು ನಮ್ಮೂರಿನ ಪ್ಲಾವಾಟ್ಸ್ ಮಾಲಿ ಅಂತ ಅವರಿಗೆ ಅನಿಸುತ್ತಿತ್ತು. ಡೇವಿಸ್ ವಿಶ್ವವಿದ್ಯಾಲಯದ ಕ್ಯಾರಲ್ ಮೆರೆಡಿತ್ ಡಿಎನ್‌ಎ ನೋಡಿದಾಗ ಪ್ಲಾವಾಟ್ಸ್ ಮಾಲಿ ಅದರ ಮಗು ಅಂತ ಗೊತ್ತಾಯಿತು. 2001ರಲ್ಲಿ ಕ್ರೊಯೇಷಿಯಾದ ಕಡಲತೀರದ ಹಳೆಯ ತೋಟವೊಂದರಲ್ಲಿ ಜಿನ್‌ಫಂಡೆಲ್ಲೇ ಸಿಕ್ಕಿತು, ಬೇರೆ ಹೆಸರಿನಲ್ಲಿ. ಅಲ್ಲಿಗೆ ‘ಅಮೆರಿಕದ್ದೇ’ ಅನ್ನುವ ವಾದ ಮುಗಿಯಿತು. ವೈನ್ ಮಾತ್ರ ಒಳ್ಳೆಯದೇ. ಆದರೆ 15% ಆಲ್ಕೊಹಾಲ್ ಇರುವ ಜಿನ್‌ಫಂಡೆಲ್ ಬಾಟಲಿ ಎತ್ತಿಕೊಳ್ಳುವ ಮುಂಚೆ ಲೇಬಲ್ಲಿನ ಸಣ್ಣ ಅಕ್ಷರ ಓದಿ.

ನಿಜವಾಗಿ ಅಮೆರಿಕದ ದ್ರಾಕ್ಷಿ ಬೇಕೆಂದರೆ ಅದು ಲಬ್ರಸ್ಕಾ. 1621ರಲ್ಲಿ ಪ್ಲಿಮತ್‌ನಲ್ಲಿ ವಲಸಿಗರೂ ಅಲ್ಲಿನ ಮೂಲನಿವಾಸಿ ವಾಂಪನೊವಾಗ್ ಜನರೂ ಕೂತು ಉಂಡ, ಈ ಹಬ್ಬದ ಮೂಲ ಅನ್ನುವ ಆ ಪ್ರಸಿದ್ಧ ಊಟದ ಬಗ್ಗೆ ಎಡ್ವರ್ಡ್ ವಿನ್‌ಸ್ಲೋ ಬರೆದ ಪತ್ರದಲ್ಲಿ ಬೇಟೆಯ ಹಕ್ಕಿಗಳಿವೆ, ಐದು ಜಿಂಕೆಗಳಿವೆ. ಊಟದ ಜೊತೆ ವೈನ್ ಇತ್ತು ಅಂತ ಇಲ್ಲ. ಸುತ್ತಲ ಕಾಡಿನಲ್ಲಿ ಮಾತ್ರ ಲಬ್ರಸ್ಕಾ ಬಳ್ಳಿ ಬೇಕಾದಷ್ಟಿತ್ತು. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದಲ್ಲಿ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿಯಲ್ಲಿ ಅದೇ ಲಬ್ರಸ್ಕಾದ ರಕ್ತ ಇದೆ. ಜಾರಿ ಬರುವ ಸಿಪ್ಪೆ, ಮೂಗಿಗೆ ಅಡರುವ ಆ ಗಾಢ ಘಮ ಅಲ್ಲಿಂದಲೇ ಬಂದದ್ದು. ನಮ್ಮಲ್ಲಿ ಆಗಸ್ಟ್ 15, ಜನವರಿ 26, ಅಕ್ಟೋಬರ್ 2 ಮದ್ಯ ಮಾರಾಟವಿಲ್ಲದ ದಿನಗಳು. ಹಾಗಾಗಿ ರಾಷ್ಟ್ರೀಯ ಹಬ್ಬಕ್ಕೆ ವೈನ್ ಆರಿಸುವ ತಲೆಬಿಸಿಯೇ ಇಲ್ಲ!

ಆದರೆ ಅಮೆರಿಕದ ಕನ್ನಡದ ಮನೆಗಳಲ್ಲಿ ತಲೆಬಿಸಿ ಇದೆ, ಅದೂ ಬೇರೆ ಥರದ್ದು. ಅಲ್ಲಿ ಎಷ್ಟೋ ಕಡೆ ಟರ್ಕಿಯೇ ಇರುವುದಿಲ್ಲ. ಬಿಸಿಬೇಳೆಬಾತ್, ಎಣ್ಣೆಗಾಯಿ, ಯಾರೋ ತಂದ ಪುಳಿಯೋಗರೆ. ಈಗ ತೊಂದರೆ ಖಾರದ್ದು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಡಿಯುವುದು ಬಿಸಿ ತಿಳಿಸುವ ನರದ ಗ್ರಾಹಕವನ್ನು. ಆ ಗ್ರಾಹಕ ಮಾಮೂಲಾಗಿ ಎಚ್ಚರಗೊಳ್ಳುವುದು 42 ಡಿಗ್ರಿ ಆಸುಪಾಸಿನಲ್ಲಿ. 2002ರ ಒಂದು ಸಂಶೋಧನೆಯ ಪ್ರಕಾರ ಆಲ್ಕೊಹಾಲ್ ಆ ಗಡಿಯನ್ನು ಸುಮಾರು 34ಕ್ಕೆ ಇಳಿಸುತ್ತದೆ. ನಮ್ಮ ಮೈ 37 ಡಿಗ್ರಿ. ಅಂದರೆ ಮದ್ಯ ಸೋಕಿದ ನರಕ್ಕೆ ಬಾಯಿಯ ಸಹಜ ಬಿಸಿಯೇ ಉರಿ. ಎಣ್ಣೆಗಾಯಿ ತಿಂದು 15% ಜಿನ್‌ಫಂಡೆಲ್ ಕುಡಿದರೆ ಖಾರ ತಣಿಯುವುದಿಲ್ಲ, ಹೊತ್ತಿಕೊಳ್ಳುತ್ತದೆ. ಇಂಥ ಮೇಜಿಗೆ ನನ್ನ ಮತ ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್ ಎಂಬ ಬಿಳಿ ವೈನ್, ಕಾಬಿನೆಟ್ ದರ್ಜೆಯದ್ದು. ಆಲ್ಕೊಹಾಲ್ ಅನೇಕ ಸಲ 8-9% ಮಾತ್ರ, ಸ್ವಲ್ಪ ಸಿಹಿ, ಹುಣಸೆಹುಳಿಗೆ ಸರಿದೂಗುವ ಹುಳಿ, ಟ್ಯಾನಿನ್ ಹೆಚ್ಚುಕಮ್ಮಿ ಸೊನ್ನೆ. ಟರ್ಕಿ ಮೇಜಿಗೂ ಇದು ನಡೆಯುತ್ತದೆ.

ಬಡಿಸುವಾಗಿನ ಬಿಸಿ ಮರೆಯಬೇಡಿ. ‘ಕೆಂಪು ವೈನ್ ಕೋಣೆಯ ಬಿಸಿಯಲ್ಲಿರಬೇಕು’ ಅನ್ನುವ ಮಾತು ಹೀಟರ್ ಇಲ್ಲದ ಕಾಲದ ಯುರೋಪಿನ ಚಳಿ ಮನೆಗಳದ್ದು. ಬೆಳಗಿನಿಂದ ಓವನ್ ಉರಿಯುತ್ತಿರುವ ಮನೆಯಲ್ಲಿ ಹಾಗೆ ಮಾಡಿದರೆ ಆಲ್ಕೊಹಾಲ್ ಮೂಗಿಗೆ ಚುಚ್ಚುತ್ತದೆ. ಗಮೇ, ಪಿನೊಗಳನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಹಾಗಂತ ಟ್ಯಾನಿನ್ ಇರುವ ವೈನನ್ನು ಜಾಸ್ತಿ ತಣ್ಣಗೆ ಮಾಡಿದರೆ ಒಗರು ಎದ್ದು ಕಾಣುತ್ತದೆ. ಬಿಳಿ ವೈನನ್ನು ಕುಡಿಯುವುದಕ್ಕೆ ಕಾಲು ಗಂಟೆ ಮುಂಚೆ ಹೊರತೆಗೆಯಿರಿ, ಇಲ್ಲದಿದ್ದರೆ ಘಮ ಏಳುವುದಿಲ್ಲ.

ಹಬ್ಬಕ್ಕೆ ಮುಂಚೆ ರುಚಿ ನೋಡಿ ಆರಿಸುವುದಾದರೆ ಬಾಟಲಿಗಳಿಗೆ ಕಾಗದದ ಚೀಲ ಹಾಕಿ. ಕಣ್ಣು ಮೂಗನ್ನು ಎಷ್ಟು ಸುಲಭವಾಗಿ ಮೋಸಗೊಳಿಸುತ್ತದೆ ಅನ್ನುವುದಕ್ಕೆ 2001ರಲ್ಲಿ ಪ್ರಕಟವಾದ ಬೋರ್ಡೊ ಪ್ರಯೋಗ ಸಾಕು. ವೈನ್ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೇ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ವರ್ಣಿಸಿದರು. 2008ರ ಇನ್ನೊಂದು ಪ್ರಯೋಗದಲ್ಲಿ ಒಂದೇ ವೈನನ್ನು 10 ಡಾಲರ್, 90 ಡಾಲರ್ ಅಂತ ಬೇರೆಬೇರೆ ಬೆಲೆ ಹೇಳಿ ಕೊಟ್ಟು ಮಿದುಳಿನ ಚಿತ್ರ ತೆಗೆದರು. 90 ಅಂದಾಗ ಸಂತೋಷಕ್ಕೆ ಸಂಬಂಧಿಸಿದ ಭಾಗವೇ ಹೆಚ್ಚು ಮಿನುಗಿತು. ಅದೇ ವರ್ಷ ರಾಬರ್ಟ್ ಹಾಜ್ಸನ್ ಎಂಬ ವೈನ್ ತಯಾರಕ ಕ್ಯಾಲಿಫೋರ್ನಿಯಾ ಸ್ಟೇಟ್ ಫೇರ್‌ನ ತೀರ್ಪುಗಾರರ ಬಗ್ಗೆ ಬರೆದರು. ಒಂದೇ ಬಾಟಲಿಯ ವೈನನ್ನು ಗುಟ್ಟಾಗಿ ಮೂರು ಸಲ ಕೊಟ್ಟಾಗ, ಅದಕ್ಕೆ ಒಂದೇ ಪದಕದ ಮಟ್ಟದ ಅಂಕ ಕೊಡಲು ಆದದ್ದು ಸುಮಾರು ಹತ್ತರಲ್ಲಿ ಒಬ್ಬರಿಗೆ. 94 ಅಂಕದ ಚೀಟಿ ನೋಡಿದಾಗ ಇದು ನೆನಪಿರಲಿ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಇದು. ಮೂರು ಗ್ಲಾಸ್, ಎರಡರಲ್ಲಿ ಒಂದೇ ವೈನ್, ಮೂರನೆಯದರಲ್ಲಿ ಬೇರೆ. ಬೇರೆ ಯಾವುದು ಅಂತ ಹೇಳಿಸಿ. ಅಂದಾಜಿಗೆ ಹೇಳಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಹಾಗಾಗಿ ಹಲವು ಸಲ ಮಾಡಿ. 15 ಡಾಲರಿನದ್ದಕ್ಕೂ 60 ಡಾಲರಿನದ್ದಕ್ಕೂ ವ್ಯತ್ಯಾಸವೇ ಸಿಗದಿದ್ದರೆ ದುಡ್ಡು ಉಳಿಯಿತು. ನೋಡುವಾಗ ಬರೀ ವೈನ್ ನೋಡಬೇಡಿ. ಒಂದು ತುಂಡು ಚಿಕನ್, ಒಂದು ಚಮಚ ಕ್ರ್ಯಾನ್‌ಬೆರಿ ಸಾಸ್ ಜೊತೆಗಿರಲಿ. ಒಂಟಿಯಾಗಿ ಗೆದ್ದ ವೈನ್ ಊಟದ ಜೊತೆ ಸೋಲುವುದು ಮಾಮೂಲು. ಪ್ರತಿ ಸಲ ಉಗುಳಿ, ನೀರು ಕುಡಿದು, ಎರಡು ನಿಮಿಷ ಬಿಟ್ಟು ಮುಂದಿನದಕ್ಕೆ ಹೋಗಿ. ಜೊಲ್ಲು ತುಂಬಲು ಬಿಡದಿದ್ದರೆ ಕೊನೆಯ ವೈನಿಗೆ ಅನ್ಯಾಯವಾಗುತ್ತದೆ.

ಊಟವಾದ ಮೇಲೆ ಸೋಫಾದಲ್ಲಿ ತೂಕಡಿಸುತ್ತ ‘ಟರ್ಕಿಯಲ್ಲಿ ಟ್ರಿಪ್ಟೊಫಾನ್ ಇದೆ, ನಿದ್ದೆ ಬರಿಸುತ್ತದೆ’ ಅನ್ನುವವರೊಬ್ಬರು ಇದ್ದೇ ಇರುತ್ತಾರೆ. ಕೋಳಿಯಲ್ಲೂ ಅಷ್ಟೇ ಇದೆ. ನಿದ್ದೆ ಬರಿಸಿದ್ದು ಹೊಟ್ಟೆ ಬಿರಿಯುವಷ್ಟು ತಿಂದದ್ದು, ಜೊತೆಗೆ ಮೂರನೇ ಗ್ಲಾಸು. ‘ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು’ ಅನ್ನುವವರಿಗೆ, ಆ ಒಳ್ಳೆಯದಕ್ಕೆ ಕಾರಣ ಅನ್ನುವ ರೆಸ್‌ವೆರಟ್ರಾಲ್ ಒಂದು ಗ್ಲಾಸಿನಲ್ಲಿ ಇರುವುದು ಸಾಮಾನ್ಯವಾಗಿ ಒಂದು ಮಿಲಿಗ್ರಾಂ ಆಸುಪಾಸು ಅಂತ ಹೇಳಿ. ಇಲಿಗಳ ಮೇಲೆ ಕೆಲಸ ಮಾಡಿದ ಪ್ರಮಾಣಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ವೈನನ್ನು ಔಷಧಿ ಅಂತ ಕುಡಿಯಬೇಡಿ, ಇಷ್ಟವಿದ್ದರೆ ಕುಡಿಯಿರಿ.

ಕುಂಬಳಕಾಯಿ ಪೈ ಬಂದಾಗ ಉಳಿದ ಕೆಂಪು ವೈನನ್ನು ಅದರ ಜೊತೆ ಮುಗಿಸಲು ಹೋಗಬೇಡಿ. ಪೈಗಿಂತ ಸಿಹಿಯಿರುವ ವೈನ್ ಇಲ್ಲದಿದ್ದರೆ ಎಲ್ಲವೂ ಹುಳಿ ಅನಿಸುತ್ತದೆ. ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಗಮೇ ಮರುದಿನಕ್ಕೂ ಚೆನ್ನಾಗಿರುತ್ತದೆ. ಶುಕ್ರವಾರ ತಣ್ಣಗಿನ ಟರ್ಕಿ ಸ್ಯಾಂಡ್‌ವಿಚ್‌ಗೆ ಮೇಯನೇಸ್ ಧಾರಾಳವಾಗಿ ಸವರುತ್ತಾರೆ. ಉಳಿದಿದ್ದ ಆ ಕ್ಯಾಬರ್ನೆಯನ್ನು ತೆಗೆಯುವುದಿದ್ದರೆ ಆಗ ತೆಗೆಯಿರಿ.